ಎಡಗೈಯ ದದ್ದು

ಕಂಡದ್ದನ್ನು ಬಿಟ್ಟು ಬೇರೇನನ್ನೂ ನಾನು ನಂಬಿದವಳಲ್ಲ. ಮೈಮೇಲೆ ದೇವರು ಬರುವವರನ್ನು ನೋಡಿ ನಕ್ಕಿದ್ದೇನೆ. ಈಗಲೂ ನಗುತ್ತೇನೆ, ಎಡಗೈಯನ್ನು ಒಮ್ಮೆ ಸವರಿಕೊಂಡು.

ತಂಗಿ ಶೋಭಾ ನನಗಿಂತ ಎರಡೇ ವರ್ಷ ಚಿಕ್ಕವಳು. ಅವಳು ಕೋಲಾರದಲ್ಲಿ, ನಾನು ಮಾಲೂರಿನಲ್ಲಿ. ನಲವತ್ತು ದಾಟಿದ ಮೇಲೆ ಅವಳು ಬೆಂಗಳೂರಿಗೆ ಹೋಗಿ ಕಣ್ಣ ಕೆಳಗಿನ ಗುಳಿಗಳಿಗೆ ಫಿಲ್ಲರ್ ಹಾಕಿಸಿಕೊಂಡು ಬಂದಳು. ಚರ್ಮದ ಕೆಳಗೆ ಸೂಜಿಯಿಂದ ತುಂಬುವ ಒಂದು ಬಗೆಯ ಜೆಲ್ ಅದು. ಶ್ರೀನಿವಾಸಪುರದ ಒಂದು ಗೃಹಪ್ರವೇಶದಲ್ಲಿ, ಊಟಕ್ಕೆ ಪಕ್ಕದಲ್ಲಿ ಕೂತ ಮುದುಕಿ ಅವಳನ್ನು ತೋರಿಸಿ ನನ್ನನ್ನು ತೆಲುಗಿನಲ್ಲಿ ಕೇಳಿದಳು: “ಮೀ ಕೂತುರಾ ಅಮ್ಮಾ?” ನಿಮ್ಮ ಮಗಳೇ ಎಂದು.

“ಅವುನು ಅವ್ವಾ, ಮುದ್ದಿನ ಮಗಳು!” ಎಂದು ಶೋಭಾ ತಾನೇ ಹೌದೆಂದು ಒಪ್ಪಿ ನಕ್ಕಿದ್ದೇ ನಕ್ಕಿದ್ದು. ನಾನು ಹೋಳಿಗೆ ಮುಟ್ಟದೆ ಎಲೆ ಮಡಚಿ ಎದ್ದೆ.

ಆರೇಳು ತಿಂಗಳಲ್ಲಿ ಅವಳ ಎಡಗಣ್ಣಿನ ಕೆಳಗೆ ಹುಣಸೆಬೀಜದಷ್ಟು ಗಂಟು ಕಾಣಿಸಿಕೊಂಡಿತು. ನನಗೆ ಖುಷಿಯಾಯಿತು. ಇದನ್ನು ಬರೆಯದೆ ಮುಂದಿನದನ್ನು ಬರೆಯಲಾರೆ.

ಅದನ್ನು ಇನ್ನೊಂದು ಇಂಜೆಕ್ಷನ್ನಿನಿಂದ ಕರಗಿಸಬಹುದು ಎಂದು ಕೋಲಾರದ ಚರ್ಮದ ಡಾಕ್ಟರು ಹೇಳಿದರಂತೆ. “ಜೊತೆಗೆ ಬಾ ಅಕ್ಕ, ನಂಗೆ ಭಯ” ಎಂದು ಕರೆದಳು. ಹೋದೆ. ಕ್ಲಿನಿಕ್ಕಿನ ಗೋಡೆ ಹಸಿರು ಎಂದು ನನ್ನ ನೆನಪು. ನೀಲಿ ಎನ್ನುತ್ತಾಳೆ ಶೋಭಾ. ಯಾರ ಮಾತು ನಿಜವೋ, ಮತ್ತೆ ಹೋಗಿ ನೋಡಿಲ್ಲ.

ಡಾಕ್ಟರಮ್ಮ ಅವಸರದವರಲ್ಲ. “ಈ ಔಷಧಿ ಕೆಲವರಿಗೆ ಆಗ್ಬರಲ್ಲಮ್ಮ. ಜೇನೋ ಕಣಜವೋ ಕಚ್ಚಿ ಜೋರಾಗಿ ಊದ್ಕೊಂಡಿದ್ದು ಏನಾದ್ರೂ ಇದ್ಯಾ? ಅದರ ವಿಷದಲ್ಲೂ ಇಂಥದ್ದೇ ಒಂದು ಅಂಶ ಇರುತ್ತೆ.”

“ಇಲ್ಲ ಡಾಕ್ಟ್ರೇ” ಎಂದಳು ಶೋಭಾ.

ಇತ್ತು. ಆವನಿ ನಮ್ಮಜ್ಜಿಯ ಊರು. ಅಲ್ಲಿನ ಬೆಟ್ಟಕ್ಕೆ ಸೀತಾಫಲ ಕೀಳಲು ಹೋದಾಗ ಹೆಜ್ಜೇನು ಎದ್ದಿತ್ತು. ಶೋಭಾಗೆ ಆಗ ಏಳು ವರ್ಷ. ಮುಖ ಊದಿ ಕಣ್ಣುಗಳು ಗೀರಿನಂತಾಗಿದ್ದವು. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಮುಳಬಾಗಿಲಿನ ಆಸ್ಪತ್ರೆಗೆಂದು ಓಡಿದರು. ನಾನು ಅಳುತ್ತಾ ಹಿಂದೆ ಓಡಿದೆ. ಅಪ್ಪ ಒಮ್ಮೆಯೂ ತಿರುಗಿ ನೋಡಲಿಲ್ಲ. ಆಮೇಲಿನ ನನ್ನ ಹೊಟ್ಟೆಕಿಚ್ಚೆಲ್ಲ ಆ ದಾರಿಯಲ್ಲೇ ಹುಟ್ಟಿದ್ದು.

ಇದನ್ನು ಹೇಳಲು ಒಂದು ವಾಕ್ಯ ಸಾಕಿತ್ತು. ಮರೆತೆನೆಂದಲ್ಲ, ಸುಮ್ಮನಿದ್ದೆ. ಆ ಮುಖ ಇನ್ನೊಮ್ಮೆ ಊದಲಿ ಅನ್ನಿಸಿತು.

ಮೊದಲು ಪರೀಕ್ಷೆ. ಶೋಭಾಳ ಎಡ ಮುಂಗೈಗಿಂತ ಮೇಲೆ ಚರ್ಮದಡಿಗೆ ಒಂದು ಹನಿ ಔಷಧಿ ಬಿಟ್ಟು, ಸುತ್ತ ಪೆನ್ನಿನಿಂದ ಗುಂಡಗೆ ಗೀಟೆಳೆದು, ಅರ್ಧ ಗಂಟೆ ಕಾಯಲು ಹೇಳಿದರು. ಹತ್ತು ನಿಮಿಷ ಆಗಿರಬಹುದು. ಉರಿ ಶುರುವಾಯಿತು, ನನ್ನ ಎಡಗೈಯಲ್ಲಿ, ಅದೇ ಜಾಗದಲ್ಲಿ. ನೋಡನೋಡುತ್ತಾ ರೂಪಾಯಿಯಗಲದ ಕೆಂಪು ದದ್ದು ಎದ್ದಿತು. ನನ್ನನ್ನು ಯಾವ ಸೂಜಿಯೂ ಮುಟ್ಟಿರಲಿಲ್ಲ. ಸೆರಗು ಎಳೆದು ಮುಚ್ಚಿಕೊಂಡೆ. ಶೋಭಾಳ ಕೈ ನುಣ್ಣಗೇ ಇತ್ತು.

ಡಾಕ್ಟರಮ್ಮ ಬಂದು ಅವಳ ಕೈ ನೋಡಿ “ಏನೂ ಇಲ್ಲ, ಹಾಕೋಣ” ಎಂದರು. ಸಿರಿಂಜು ತುಂಬುವುದನ್ನು ಕಂಡಾಗ ನನ್ನ ಬಾಯಿ ತೆರೆಯಿತು.

“ಡಾಕ್ಟ್ರೇ, ಬೇಡ! ಚಿಕ್ಕೋಳಿದ್ದಾಗ ಇವಳಿಗೆ ಹೆಜ್ಜೇನು ಕಚ್ಚಿತ್ತು.”

ಡಾಕ್ಟರಮ್ಮ ಸಿರಿಂಜನ್ನು ತಟ್ಟೆಗಿಟ್ಟರು. ಶೋಭಾ ನನ್ನನ್ನೇ ನೋಡಿದಳು. “ತಲೆ ಕೆಟ್ಟಿದ್ಯಾ ಅಕ್ಕ? ನಂಗೆಲ್ಲೇ ಕಚ್ತು?”

ಮುಳಬಾಗಿಲಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಹೆಜ್ಜೇನು ಕಚ್ಚಿದ್ದು ತನಗಾ ಎಂದು ಕೇಳಿದಳು. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ.

“ನಿಂಗಾ ಶೋಭಾ? ಅಯ್ಯೋ ನಿನ್ನ! ಕಚ್ಚಿಸ್ಕೊಂಡಿದ್ದು ದೊಡ್ಡೋಳು ಕಣೇ. ನಿಮ್ಮಪ್ಪ ಅವಳ್ನ ಹೊತ್ಕೊಂಡು ಓಡಿದ್ರೆ, ನೀನು ಹಿಂದೇನೇ ‘ನನ್ನೂ ಎತ್ಕೋ’ ಅಂತ ಅತ್ಕೊಂಡು ಬರ್ತಿದ್ದೆ.”

ಡಾಕ್ಟರಮ್ಮ ನನ್ನತ್ತ ತಿರುಗಿದರು. “ಹಾಗಿದ್ರೆ ಈ ಇಂಜೆಕ್ಷನ್ ನೀವು ಯಾವತ್ತೂ ತಗೋಬೇಡಿ.” ದದ್ದು ತೋರಿಸಬೇಕಿತ್ತು. ತೋರಿಸಿದ್ದರೆ, ಅಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಿದ್ದರು. ಮಾಲೂರಿನ ಬಸ್ಸಿಳಿಯುವಷ್ಟರಲ್ಲಿ ಅದು ಮಾಯವಾಗಿತ್ತು.

ಇನ್ನೊಮ್ಮೆ ಎಲ್ಲ ವಿಚಾರಿಸಿಕೊಂಡೇ ಡಾಕ್ಟರಮ್ಮ ಅಂದು ಇಂಜೆಕ್ಷನ್ ಹಾಕಿದ್ದರು. ಎರಡನೆಯ ಸಲಕ್ಕೆ ಗಂಟು ಪೂರ್ತಿ ಕರಗಿತು. ಶೋಭಾಳ ಕಣ್ಣ ಕೆಳಗಿನ ಗುಳಿಗಳು ಮರಳಿವೆ. ಆದರೂ ಚೆಂದ ಅವಳೇ, ಅದಕ್ಕೆ ನಾನೇನೂ ಮಾಡುವ ಹಾಗಿಲ್ಲ.

ನನ್ನ ಕೈಯಲ್ಲಿ ಆ ದದ್ದು ಯಾಕೆ ಎದ್ದಿತೋ ಗೊತ್ತಿಲ್ಲ. ಏಳದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಅದೂ ಗೊತ್ತಿಲ್ಲ. ಅಮ್ಮ ಹೇಳಿದ್ದು ನಿಜವಾದರೆ ಅಪ್ಪನ ಹೆಗಲ ಮೇಲಿದ್ದವಳು ನಾನು. ಆದರೆ ಕಣ್ಣು ಮುಚ್ಚಿದರೆ ಈಗಲೂ ಕಾಣುವುದು ಓಡುತ್ತಿರುವ ಅಪ್ಪನ ಬೆನ್ನು, ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿರುವ ಊದಿದ ಮುಖ. ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿದ್ದೂ ನೆನಪಿದೆ. ಚುಚ್ಚಿದ್ದು ನನ್ನ ಕಾಲಿಗೆ.