ತಮ್ಮನಿಗೆ ಜ್ವರ ಬರಲಿಲ್ಲ

ನನ್ನ ಎಡಗಡೆಯ ಕಿಡ್ನಿ ತಮ್ಮನ ಹೊಟ್ಟೆ ಸೇರಿ ನಾಲ್ಕು ವರ್ಷವಾಗಿದ್ದಾಗ ವರ್ತೂರಿನ ನಮ್ಮ ಬೀದಿಗೆ ಕೊರೊನಾ ಲಸಿಕೆ ಬಂತು. ಸರ್ಕಾರಿ ಶಾಲೆಯ ಅಂಗಳದಲ್ಲಿ ಸಾಲು ನಿಂತು ಮನೆಮಂದಿಯೆಲ್ಲ ಒಂದೇ ದಿನ ಚುಚ್ಚಿಸಿಕೊಂಡೆವು. ಮರುದಿನ ಎಲ್ಲರಿಗೂ ಚಳಿಜ್ವರ, ಕೈ ಎತ್ತಲಾಗದ ನೋವು. ತಮ್ಮನೊಬ್ಬನೇ ಗುಂಡುಕಲ್ಲಿನ ಹಾಗಿದ್ದ. ಗಂಜಿ ಕಾಯಿಸಿ ನಮಗೆಲ್ಲ ತಂದುಕೊಟ್ಟು, "ಏನಕ್ಕ, ಒಂದು ಸೂಜಿಗೇ ಎಲ್ಲಾ ಮಲ್ಕೊಂಡ್ಬಿಟ್ರಲ್ಲ! ನನ್ ಬಾಡಿ ನೋಡು, ಹೆಂಗೈತೆ" ಎಂದು ರೇಗಿಸಿದ. ಅಮ್ಮ ಆ ಜ್ವರದಲ್ಲೇ ಎದ್ದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಅವನಿಗೆ ದೃಷ್ಟಿ ತೆಗೆದಳು.

ಎರಡನೆಯ ಸಲವೂ ಹಾಗೇ ಆಯಿತು. ಅಲ್ಲಿಯವರೆಗೆ ನಮ್ಮಿಂದ ಸೋಂಕು ತಗಲದಿರಲೆಂದು ಅವನ ತಟ್ಟೆ ಬೇರೆ, ಕೋಣೆ ಬೇರೆ ಇಟ್ಟಿದ್ದೆವು. ಆಮೇಲೆ ಒಟ್ಟಿಗೆ ಕೂತು ಉಣ್ಣತೊಡಗಿದೆವು. ಇಷ್ಟು ಗಟ್ಟಿ ಆಳಿಗೆ ಏನಾಗುತ್ತದೆ ಎಂಬ ಧೈರ್ಯ. ನಮ್ಮ ದಡ್ಡತನಕ್ಕೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಆ ಚಳಿಗಾಲ ಕಂಪನಿ ಬಸ್ಸಿನಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ನನಗೂ ಎರಡು ದಿನ ಗಂಟಲು ಕೆರೆದು, ಮೈ ಬಿಸಿಯಾಗಿ ಬಿಟ್ಟುಹೋಯಿತು. ನೆಗಡಿ ಎಂದುಕೊಂಡೆ. ವಾರದೊಳಗೆ ಮನೆಯ ಮೆಟ್ಟಿಲು ಹತ್ತಲಾರದೆ ತಮ್ಮ ಏದುಸಿರು ಬಿಡುತ್ತ ಅರ್ಧದಲ್ಲೇ ಕುಳಿತುಬಿಟ್ಟ.

ಆಸ್ಪತ್ರೆಯಲ್ಲಿ ಕೊರೊನಾ ಎಂದರು. ರಕ್ತ ಪರೀಕ್ಷೆ ಮಾಡಿದರೆ, ಲಸಿಕೆಯಿಂದ ಹುಟ್ಟಿ ರೋಗ ತಡೆಯಬೇಕಾದ ಆಂಟಿಬಾಡಿ ಅವನಲ್ಲಿ ಇರಲೇ ಇಲ್ಲ. "ಅವತ್ತು ಜ್ವರ ಬರ್ಲಿಲ್ಲ ಸಾರ್, ಅದಕ್ಕೇನಾ?" ಎಂದು ಕೇಳಿದೆ.

"ಹಾಗಲ್ಲಮ್ಮ, ಜ್ವರ ಬರದೇ ಇದ್ದವರಿಗೂ ಲಸಿಕೆ ಹಿಡಿಯುತ್ತೆ. ಇವರ ವಿಷಯ ಬೇರೆ. ಕಿಡ್ನಿ ನಿಮ್ದಲ್ವಾ? ಇವರ ಮೈ ಅದನ್ನ ಪರಕೀಯ ಅಂತ ಹೊಡೆಯೋಕೆ ಹೋಗುತ್ತೆ. ಹೊಡೀಬಾರ್ದು ಅಂತ ದಿನಾ ಮಾತ್ರೆ ಕೊಟ್ಟು ಮಂಕು ಮಾಡಿದೀವಿ. ಮಂಕಾದ ಮೈಗೆ ಲಸಿಕೆ ಕಲಿಸಿದ್ದು ಹತ್ತಲಿಲ್ಲ," ಎಂದರು ಡಾಕ್ಟರು.

ನನ್ನ ಮೈ ಲಸಿಕೆಯಿಂದ ಕಲಿತದ್ದನ್ನು ನೆನಪಿಟ್ಟುಕೊಂಡು ವೈರಸ್ಸನ್ನು ಎರಡೇ ದಿನಕ್ಕೆ ಓಡಿಸಿತ್ತು. ಅವನ ಮೈಗೆ ಅದರ ಗುರುತೇ ಸಿಕ್ಕಿರಲಿಲ್ಲ. ಕಿಡ್ನಿ ಕೊಟ್ಟವಳೂ ನಾನೇ, ಕಾಯಿಲೆ ತಂದವಳೂ ನಾನೇ. ಯಾರ ಮೇಲೆ ಸಿಟ್ಟು ಮಾಡಲಿ?

ಮಂಕು ಮಾಡುವ ಆ ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸುತ್ತೇವೆ ಎಂದರು. ನಿಲ್ಲಿಸಿದರೆ ಮೈ ಎಚ್ಚೆತ್ತು ವೈರಸ್ ಮೇಲೆ ಬೀಳಬಹುದು, ಕಿಡ್ನಿಯ ಮೇಲೂ ಬೀಳಬಹುದು. ಸಹಿ ಹಾಕಿದೆ. ಒಳಗೆ ಬಿಡಲಿಲ್ಲ, ನರ್ಸ್ ಫೋನಿನಲ್ಲಿ ಅವನ ಮುಖ ತೋರಿಸಿದರು.

"ಅಕ್ಕ, ನೀನು ಕೊಟ್ಟಿದ್ದು ಹಾಳಾದ್ರೆ ಬೈಬೇಡ."

"ಹಾಳಾಗ್ಲಿ ಬಿಡೋ. ನೀನು ಬಾ."

ಮೂರು ವಾರಕ್ಕೆ ಅವನು ಮನೆಗೆ ಬಂದ. ಕಿಡ್ನಿ ಮಾತ್ರ ಚೇತರಿಸಿಕೊಳ್ಳಲೇ ಇಲ್ಲ. ಬೇಸಿಗೆಯ ಹೊತ್ತಿಗೆ ಪೂರ್ತಿ ನಿಂತಿತು. ಈಗ ವಾರಕ್ಕೆ ಮೂರು ಸಲ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ಯಂತ್ರ ಸುತ್ತಿ ಒಳಗೆ ಬರುತ್ತದೆ, ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಒಂದು ದಿನ ತಡೆಯಲಾರದೆ ಡಾಕ್ಟರ ಕೋಣೆಗೆ ಹೋಗಿ, "ಇನ್ನೊಂದೈತಲ್ಲ ಸಾರ್ ನನ್ನತ್ರ, ಅದನ್ನೂ ತಗೊಳ್ಳಿ" ಎಂದೆ. ಅವರು ಎದ್ದು ಬಂದು ನನಗೆ ಕುರ್ಚಿ ಎಳೆದು ಹಾಕಿದರು.