ಸಾವಿತ್ರತ್ತೆಯ ವೆಬ್‌ಸೈಟಿಗೆ ಊಟಕ್ಕೆ ಬಂದವರು

ಮಾವಿನ ಮಿಡಿಯ ತೊಟ್ಟು ಮುರಿದಾಗ ಮೂಗಿಗಡರುವ ಸೊನೆಯ ಘಾಟು ನಿಮಗೆ ಉಪ್ಪಿನಕಾಯಿಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಕಂಪ್ಯೂಟರಿನ ಕೀಬೋರ್ಡು. ಮೊನ್ನೆ ಸಾಗರದ ಸಂತೆಯಲ್ಲಿ ಒಬ್ಬಾಕೆ ಬುಟ್ಟಿಯಿಂದ ಜೀರಿಗೆ ಮಿಡಿ ಎತ್ತಿ, ತೊಟ್ಟು ಮುರಿದು ನನ್ನ ಮೂಗಿನ ಹತ್ತಿರ ಹಿಡಿದಳು. ತಗೊಳ್ಳಿ, ನಾನು ಸೀದಾ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿದ್ದೆ, ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಗೆ ಅತ್ತೆಮನೆಗೆ ಬಂದ ಹುಡುಗಿಯಾಗಿ. ಬೆಳಿಗ್ಗೆಯೆಲ್ಲ ಅತ್ತೆಯ ಜೊತೆ ಮಿಡಿ ಆರಿಸಿ ಅದೇ ಕೈಯಲ್ಲಿ ಅಲ್ಲಿಗೆ ಓಡಿದರೆ ಸೆಂಟರ್ ನಡೆಸುತ್ತಿದ್ದ ಜೀನತಕ್ಕ ಬಾಗಿಲಲ್ಲೇ ತಡೆಯುತ್ತಿದ್ದಳು. "ಮೊದ್ಲು ಸೋಪು ಹಾಕಿ ಕೈ ತೊಳ್ಕಂಡ್ ಬಾ ಮಾರಾಯ್ತಿ. ನನ್ ಕೀಬೋರ್ಡಿಗೇ ಉಪ್ಪು ಹಾಕ್ತೀಯ ನೀನು."

ಸಾವಿತ್ರತ್ತೆ ಅಪ್ಪನ ತಂಗಿ. ಮದುವೆಯಾಗಿ ಹೋದ ಮನೆ ಒಗ್ಗದೆ ವಾಪಸು ಬಂದವಳು, ಅಜ್ಜಿ ಬಿಟ್ಟುಹೋಗಿದ್ದ ಪೇಟೆಯ ಚಿಕ್ಕ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದಳು. ಒಬ್ಬಳೇ ಎಂದ ಕೂಡಲೇ ಪಾಪ ಅನ್ನಬೇಡಿ. ಅವಳಷ್ಟು ಖುಷಿಯ ಹೆಂಗಸನ್ನು ನಾನು ಆಮೇಲೆ ನೋಡಿಲ್ಲ. ರೇಡಿಯೋ ಜೊತೆ ಹಾಡುತ್ತಿದ್ದಳು, ಹಾಡು ಮುಗಿದರೂ ಹಾಡುತ್ತಿದ್ದಳು, ತನ್ನ ಜೋಕಿಗೆ ತಾನೇ ಮೊದಲು ನಗುತ್ತಿದ್ದಳು. ಸಾಗರದ ದೊಡ್ಡಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ತಂಗಿ ಒಂಟಿಯಾಗಿದ್ದರೆ ಜನ ಅಣ್ಣಂದಿರಿಗೆ ಏನನ್ನುತ್ತಾರೋ ಎಂಬ ಚಿಂತೆ ಅವನಿಗೆ. ಆ ಮನೆಗೆ ಬೀಗ ಹಾಕಿ, ಅವಳನ್ನು ಅರ್ಧ ವರ್ಷ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ಅರ್ಧ ವರ್ಷ ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಎಂದು ತೀರ್ಮಾನಿಸಿದ್ದ. ಅಪ್ಪ ಅಣ್ಣನ ಮಾತಿಗೆ ಎದುರಾಡುವವನಲ್ಲ. "ಅಕ್ಕಪಕ್ಕದ ನಾಲ್ಕು ಮನೆಗೆ ಉಪ್ಪಿನಕಾಯಿ ಕೊಟ್ರೆ ಜೀವನ ಆಗ್ತಿಲ್ಲೆ. ಹೊರ ಊರಿನ ಗಿರಾಕಿ ಬಂದ್ರೆ ಮತ್ತೆ ನೋಡನ" ಎಂದು ದೊಡ್ಡಪ್ಪ ಮಳೆಗಾಲ ಹಿಡಿಯುವವರೆಗೆ ಗಡುವು ಕೊಟ್ಟು ಹೋಗಿದ್ದ. ಅವನು ಹೋದಮೇಲೆ ಅತ್ತೆ, ತಾನು ಈ ಮನೆ ಬಿಡುವವಳಲ್ಲ ಎಂದು ನನ್ನ ಹತ್ತಿರ ಹೇಳಿದಳು, "ಆನು ಎಲ್ಲಿಗೂ ಬತ್ನಿಲ್ಲೆ ಕೂಸೆ. ಇಲ್ಲಿ ಆನು ಬೇಕಾದಾಗ ಏಳ್ತಿ, ಬೇಕಾದ್ದು ಉಣ್ತಿ."

ವೆಬ್‌ಸೈಟಿನ ಹುಚ್ಚು ಹತ್ತಿಸಿದವಳು ನಾನೇ. ಶಾಲೆಯ ಲೈಬ್ರರಿಯ ಒಂದು ಹರಕು ಪುಸ್ತಕ ನೋಡಿ ಅಂಗೈಯಗಲದಷ್ಟು ಕಲಿತಿದ್ದೆ, ಮಾತು ಮಾತ್ರ ಆಕಾಶದಗಲ. ಹಿನ್ನೆಲೆಗೆ ಗಿಳಿಹಸಿರು ಬಣ್ಣ, ಮೂಲೆಯಲ್ಲಿ ಮಿಣುಕುವ ದೀಪ, ಅತ್ತಿಂದಿತ್ತ ಓಡುವ ಅಕ್ಷರ, ಒಟ್ಟಿನಲ್ಲಿ ಕಣ್ಣು ಕುಕ್ಕಬೇಕು. ಜೀನತಕ್ಕನ ಕಂಪ್ಯೂಟರಿನಲ್ಲಿ ಕನ್ನಡ ಬರೆದರೆ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಅತ್ತೆಯ ಕೈಯಲ್ಲೇ ಬರೆಸಿ, ಆ ಹಾಳೆಯನ್ನೇ ಸ್ಕ್ಯಾನ್ ಮಾಡಿ ಹಾಕುವುದೆಂದಾಯಿತು. ಎಂತ ಬರೆಯಲಿ ಎಂದಳು. ಮನೆಗೆ ಬಂದವರಿಗೆ ಹೇಳುವುದನ್ನೇ ಬರಿ ಎಂದೆ. ನಮ್ಮ ಕಡೆ ಜಗಲಿ ಹತ್ತಿದವರಿಗೆ ಹೇಳುವುದು ಒಂದೇ ತಾನೆ? ಅವಳು ದುಂಡಗೆ ಬರೆದಳು: "ಬನ್ನಿ. ಕೈಕಾಲು ತೊಳೆಯಿರಿ. ಆಸರಿಗೆ ಏನು ಕುಡಿಯುತ್ತೀರಿ? ಊಟ ಮಾಡಿಕೊಂಡೇ ಹೋಗಬೇಕು." ಕೆಳಗೆ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು ಎಂಬ ವಿವರ. ಉಪ್ಪಿನಕಾಯಿಯ ರೇಟು ಎಂದು ಕೇಳಿದ್ದಕ್ಕೆ ನನ್ನ ಮೇಲೇ ರೇಗಿದಳು. "ಬಾಗಿಲಿಗೆ ಬಂದವ್ರಿಗೆ ಮೊದ್ಲೇ ರೇಟು ಹೇಳ್ತ್ವನೆ? ಮರ್ಯಾದೆ ಬ್ಯಾಡ್ದನೆ?" ಪುಟ ಮೊದಲ ಸಲ ತೆರೆದುಕೊಂಡಾಗ ಅವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಇದು ಈಗ ಯಾರಿಗೆಲ್ಲ ಕಾಣುತ್ತದೆ ಎಂದಳು. ಪ್ರಪಂಚಕ್ಕೆಲ್ಲ ಎಂದೆ. ಸೆರಗು ಸರಿಮಾಡಿಕೊಂಡಳು. ಜೀನತಕ್ಕ, ಅತ್ತೆ, ನಾನು, ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ನಾನು ಎಷ್ಟೋ ಸೈಟು ಮಾಡಿ ಸಂಬಳ ಎಣಿಸಿದ್ದೇನೆ, ಆ ಮಧ್ಯಾಹ್ನದ ಸಂತೋಷ ಮತ್ತೆ ಸಿಗಲಿಲ್ಲ.

ಒಂದೇ ಒಂದು ಆರ್ಡರು ಬರಲಿಲ್ಲ. ಸೈಟಿಗೆ ಬಂದವರ ಲೆಕ್ಕ ತೋರಿಸುವ ಅಂಕಿ ಏರುತ್ತಿದ್ದದ್ದು ನಾವೇ ದಿನಾ ತೆರೆದು ನೋಡುತ್ತಿದ್ದುದರಿಂದ. ಮಳೆ ಹಿಡಿಯಿತು. ಹೇಳಿದಂತೆ ದೊಡ್ಡಪ್ಪ ಜೀಪು ತಂದ. ಅತ್ತೆಯ ಟ್ರಂಕು, ಪಾತ್ರೆಯ ಗಂಟು ಜಗಲಿಗೆ ಬಂದವು. ಅವಳು ಆವತ್ತು ಹಾಡಲಿಲ್ಲ. ಅಷ್ಟರಲ್ಲಿ ಕೊಡೆ ಹಿಡಿದ ನಾಲ್ಕು ಜನ ಬಸ್ಸಿಳಿದು ಬಂದು ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯತೊಡಗಿದರು. ಯಾರೋ ದೂರದ ನೆಂಟರಿರಬೇಕೆಂದು ದೊಡ್ಡಪ್ಪ ತಾನೇ ಬೆಲ್ಲ ನೀರು ತಂದುಕೊಟ್ಟ. ಉಣ್ಣುವ ಮೊದಲು ಯಾರು, ಏನು ಎಂದು ಕೇಳುವುದು ನಮ್ಮಲ್ಲಿಲ್ಲ. ಅತ್ತೆ ನನ್ನ ಮುಖ ನೋಡಿದಳು, ಪಾತ್ರೆಯ ಗಂಟು ಬಿಚ್ಚಿ ಒಲೆ ಹಚ್ಚಿದಳು. ಅನ್ನ, ತಂಬುಳಿ, ಮಿಡಿ ಉಪ್ಪಿನಕಾಯಿ. ಬಡಿಸಿದ್ದು ದೊಡ್ಡಪ್ಪನೇ. ಎಲೆ ಎತ್ತಿದ ಮೇಲೆ, ತಾವು ಯಾವ ಕಡೆಯ ನೆಂಟರು ಎಂದು ಕೇಳಿದ.

"ನೆಂಟ್ರಲ್ರೀ, ನಾವು ದಾವಣಗೆರೆಯವ್ರು" ಎಂದರು ಅವರಲ್ಲಿ ಹಿರಿಯರು. "ಇಲ್ಲೇ ಹುಂಚದ ಬಸದಿಗೆ ಬಂದಿದ್ವಿ. ಕಂಪ್ಯೂಟರ್‌ನಾಗ ಊಟಕ್ಕ ಬರ್ರಿ ಅಂತ ಬರ್ದಿದ್ರಲ್ಲ, ಮಗಳು ಹೋಗೇ ಹೋಗೋಣ ಅಂದ್ಲು." ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಅವರು ಕೊಂಡರು. ಅವರು ಹೋದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿಯುತ್ತಾ ಕೂತ. ಮತ್ತೆ ಎದ್ದು, ಟ್ರಂಕನ್ನು ತಾನೇ ಎತ್ತಿ ಒಳಗೆ ಇಟ್ಟ.

ಆಮೇಲೆ ನಾನು ಬುದ್ಧಿ ಕಲಿತು ಸೈಟಿಗೆ ರೇಟು ಹಾಕಿದೆ, ಬಣ್ಣ ಇಳಿಸಿದೆ. ಊಟದ ಸಾಲು ತೆಗೆಯಲು ಮಾತ್ರ ಅವಳು ಬಿಡಲಿಲ್ಲ, ಜನ ಬರುವುದೂ ನಿಲ್ಲಲಿಲ್ಲ. ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಮುಚ್ಚಿ ಆ ಪುಟ ಅಳಿಸಿಹೋಯಿತು, ಆದರೂ ಒಬ್ಬರಿಂದೊಬ್ಬರು ಕೇಳಿ ಊಟಕ್ಕೆ ಬರುತ್ತಲೇ ಇದ್ದರು. ಅತ್ತೆಯೂ ಹೋದಳು, ಅದೇ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಯಾರ ಹಂಗೂ ಇಲ್ಲದೆ. ಆ ಮನೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಅವಳ ವೈಕುಂಠ ಸಮಾರಾಧನೆಯ ದಿನ ನಾವೆಲ್ಲ ಊಟಕ್ಕೆ ಕೂರುವ ಹೊತ್ತಿಗೆ ಗೊತ್ತಿಲ್ಲದ ಒಂದು ಸಂಸಾರ ಗೇಟಿನ ಹತ್ತಿರ ಬಂದು, ಜನ ತುಂಬಿದ್ದು ನೋಡಿ, ಮನೆ ತಪ್ಪಿತೇನೋ ಎಂದು ಹಿಂದೆ ಸರಿಯಿತು. ಕೋಲೂರಿಕೊಂಡು ದೊಡ್ಡಪ್ಪ ಮೆಟ್ಟಿಲಿಳಿದು ಹೋದ.

"ತಪ್ಪಿದ್ದಲ್ಲ, ಬನ್ನಿ" ಎಂದ. "ಸಾವಿತ್ರಿಯ ಮನೆ ಇದೇ. ನಾನು ಅವಳ ಅಣ್ಣ."