ಅರಳಿಕಟ್ಟೆಗೆ ಬಂದ ಪಟಗಳು

ತುಮಕೂರಿನ ಅಂಚಿಗಿರುವ ನಮ್ಮ ಬಡಾವಣೆಯಲ್ಲಿ ನಮ್ಮದೇ ಕೊನೆಯ ಅಡ್ಡರಸ್ತೆ. ಅದು ಮುಗಿಯುವಲ್ಲಿ ಒಂದು ಅರಳಿಮರವಿದೆ, ಮರದ ಸುತ್ತ ಕಲ್ಲಿನ ಕಟ್ಟೆ. ಸೈಟುಗಳನ್ನು ಅಳೆದು ಹಂಚುವುದಕ್ಕೆ ಮುಂಚಿನಿಂದಲೂ ಇದ್ದ ಮರ ಅದು. ಕಟ್ಟೆಗೆ ಒತ್ತಿಕೊಂಡೇ ಚರಂಡಿ ಬಂದು, ಅಲ್ಲೊಂದು ಸಿಮೆಂಟ್ ಪೈಪಿನೊಳಗೆ ಇಳಿದು, ರಸ್ತೆಯ ಅಡಿಯಿಂದ ಆಚೆ ಬದಿಯ ತೆಂಗಿನ ತೋಟದ ಕಡೆ ಹೋಗುತ್ತದೆ. ಇಡೀ ರಸ್ತೆಯ ಮಳೆನೀರು ಹೋಗಬೇಕಾದದ್ದು ಆ ಒಂದು ಪೈಪಿನ ಬಾಯಿಂದ.

ಮರದ ಎದುರು ಮನೆಯ ಕೆಳಗಿನ ರೂಮಿನಲ್ಲಿ ಒಬ್ಬಳು ಹೊಲಿಗೆಯವಳು ಬಾಡಿಗೆಗೆ ಇದ್ದಾಳೆ. ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲು ಹಾಕುತ್ತಾಳೆ. ಗಂಡ ತೀರಿಹೋಗಿದ್ದಾನೆ, ಮಗಳು ಇಲ್ಲೇ ಹೈಸ್ಕೂಲಿಗೆ ಹೋಗುತ್ತಾಳೆ. ನಮ್ಮ ರಸ್ತೆಗೆ ಕಾಂಕ್ರೀಟ್ ಹಾಕಿದಾಗ ರಸ್ತೆ ಮೇಲೆದ್ದಿತು, ಅವಳ ಹೊಸ್ತಿಲು ಕೆಳಗೇ ಉಳಿಯಿತು. ಆವತ್ತು ಎಲ್ಲರೂ ರಸ್ತೆ ಚೆನ್ನಾಗಿ ಬಂತು ಅಂದೆವು. ಅವಳೂ ಅಂದಳು.

ಕಟ್ಟೆಗೆ ಮೊದಲ ಪಟ ಯಾರು ತಂದರೋ ಗೊತ್ತಿಲ್ಲ. ಒಂದು ಸೋಮವಾರ ಬೆಳಿಗ್ಗೆ ಮರ ಸುತ್ತಲು ಹೋದಾಗ ಬುಡಕ್ಕೆ ಒರಗಿಸಿದ್ದ ಲಕ್ಷ್ಮಿಯ ಪಟ ಕಂಡಿತು. ಗಾಜು ಮೂಲೆಯಲ್ಲಿ ಸೀಳಿತ್ತು, ಒಳಗೆ ಗೆದ್ದಲು ದಾರಿ ಮಾಡಿಕೊಂಡಿತ್ತು. ಒಡೆದ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಕಸಕ್ಕೆ ಹಾಕುವುದಕ್ಕೂ ಮನಸ್ಸು ಬರುವುದಿಲ್ಲ. ಅರಳಿಮರದ ಬುಡದಲ್ಲಿಟ್ಟು ಕೈಮುಗಿದು ಹಿಂದಿರುಗಿ ನೋಡದೆ ಬಂದುಬಿಟ್ಟರೆ ಜವಾಬ್ದಾರಿ ಮರದ್ದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ನಾನೂ ಆ ಲಕ್ಷ್ಮಿಗೆ ಒಂದು ದಾಸವಾಳ ಇಟ್ಟು ಬಂದೆ.

ಯುಗಾದಿಗೆ ಮನೆಗಳಿಗೆ ಸುಣ್ಣಬಣ್ಣ ಆಗುವ ಹೊತ್ತಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಗಣಪತಿ, ವೆಂಕಟರಮಣ, ಶಿವಪಾರ್ವತಿ, ಮಸಿ ಹಿಡಿದು ಯಾವ ದೇವರೆಂದು ತಿಳಿಯದ ಪಟಗಳು, ಒಣಗಿದ ಹಾರದ ಸಮೇತ. ಒಂದರ ಮೇಲೊಂದು ಒರಗಿಸಿ, ಒರಗಿಸಿ, ಸಾಲು ಚರಂಡಿಯ ಅಂಚಿಗೆ ಬಂದಿತ್ತು.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಗಾಳಿ ಎದ್ದು ಜೋರು ಮಳೆ ಬಂತು. ನಾನು ಮಹಡಿಯಿಂದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಗಾಜು ಒಡೆಯುವ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ಹೊಲಿಗೆಯವಳ ಕೂಗು. ಹೋಗಿ ನೋಡಿದರೆ ನಾಲ್ಕಾರು ಪಟಗಳು ಜಾರಿ ಪೈಪಿನ ಬಾಯಿಗೆ ಬಾಗಿಲು ಹಾಕಿದಂತೆ ಕೂತಿದ್ದವು. ನೀರು ದಾರಿ ಕಾಣದೆ ತಿರುಗಿ ಅವಳ ರೂಮಿಗೆ ನುಗ್ಗಿತ್ತು. ಒಂದು ಮದುವೆ ಮನೆಯ ಸೀರೆಗಳನ್ನು ಫಾಲು ಹಾಕಲು ನೆಲದ ಮೇಲೆ ಚಾಪೆ ಹಾಸಿ ಹರಡಿಕೊಂಡಿದ್ದಳು. ಕೆಂಪು ಸೀರೆಯ ಬಣ್ಣ ಕೆನೆಬಣ್ಣದ ರೇಷ್ಮೆಗೆ ಹತ್ತಿತ್ತು.

ಆ ಸೀರೆಗಳನ್ನು ಎತ್ತಿಕೊಂಡು ಮದುವೆ ಮನೆಗೆ ಅವಳೇ ಹೋಗಿಬಂದಳು. ಬಂದವಳು ಮಿಷನ್ನಿಗೆ ಎಣ್ಣೆ ಹಾಕುತ್ತ ಕೂತಳು.

"ಅಕ್ಕಾ, ಇನ್ನೊಂದ್ ಸಲ ಹಿಂಗಾದ್ರೆ ನಾನು ಕುಣಿಗಲ್ಲಿಗೆ ತಂಗಿ ಮನೇಗೆ ಹೋಯ್ತೀನಿ ಕಣಕ್ಕ. ಬಟ್ಟೆ ನೆನೀತದೆ ಅಂತ ಗೊತ್ತಾದ್ ಮೇಲೆ ಯಾರ್ ಕೊಡ್ತಾರೆ ಹೇಳು?"

"ಅಲ್ಲಿ ನಿನ್ನ ಕೈ ಯಾರಿಗೆ ಗೊತ್ತು?"

"ಯಾರ್ಗೂ ಗೊತ್ತಿಲ್ಲ. ಇವ್ಳ ಇಸ್ಕೂಲೂ ಬಿಡಿಸ್ಬೇಕು. ಆದ್ರೂ ಹೋಯ್ತೀನಿ."

ಕೊನೆಯ ಮಾತನ್ನು ಮಗಳ ಕಡೆ ನೋಡದೆ ಹೇಳಿದಳು.

ಮಾರನೆಯ ಬೆಳಿಗ್ಗೆ ಬೀದಿ ಗುಡಿಸುವ ಹೆಂಗಸಿಗೆ ಪಟಗಳನ್ನು ಗಾಡಿಗೆ ಹಾಕಿಬಿಡಮ್ಮ ಅಂದೆ. ಪೈಪಿಗೆ ಸಿಕ್ಕಿದ್ದವನ್ನು ಅವಳು ಕಡ್ಡಿಯಿಂದ ಎಳೆದು ಕಟ್ಟೆಗೇ ಹಾಕಿದಳು, ಗಾಡಿಗೆ ಹಾಕಲಿಲ್ಲ.

"ಕಸ ಆದ್ರೆ ಎತ್ತೀನಿ ಕಣವ್ವ. ದೇವ್ರನ್ನ ಕಸದ್ ಗಾಡೀಗೆ ಹಾಕುದ್ರೆ ನೋಡ್ದೋರು ಸುಮ್ಕಿರ್ತಾರಾ? ಹಾಕ್ದೋರ್ನ ಕೇಳಾಕಿಲ್ಲ, ಎತ್ತಿದೋಳ್ನ ಕೇಳ್ತಾರೆ."

ಅವಳ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ನಾನೇ ಎತ್ತಿ ಹಾಕುತ್ತಿದ್ದೆನೇ ಅಂತ ಕೇಳಿಕೊಂಡೆ. ಹಾಕುತ್ತಿರಲಿಲ್ಲ.

ನಮ್ಮ ರಸ್ತೆಯದೊಂದು ವಾಟ್ಸಾಪ್ ಗ್ರೂಪಿದೆ. ನೀರು ಬಿಟ್ಟರು, ಕರೆಂಟು ಹೋಯಿತು, ನಾಯಿ ಮರಿ ಹಾಕಿದೆ, ಎಲ್ಲ ಸುದ್ದಿಯೂ ಅಲ್ಲೇ. ಪಟಗಳ ವಿಷಯ ಹಾಕಿದಾಗ ಒಬ್ಬರು ಕಂಪ್ಲೇಂಟ್ ಕೊಡಿ ಎಂದು ಬರೆದರು, ಇನ್ನೊಬ್ಬರು ಹಾಕಿದವರೇ ತೆಗೆಯಲಿ ಎಂದರು, ಬಹಳ ಜನ ಕೈಮುಗಿದ ಚಿತ್ರ ಕಳಿಸಿದರು. ಅದರ ಕೆಳಗೇ ಯಾರೋ ಶುಭೋದಯ ಎಂದು ಒಂದು ದೇವರ ಪಟವನ್ನೇ ಕಳಿಸಿದ್ದರು. ಫೋನಿನಲ್ಲಿ ಬಂದ ದೇವರನ್ನು ಅಳಿಸುವುದಕ್ಕೆ ಮಾತ್ರ ನಮಗ್ಯಾರಿಗೂ ಅಳುಕಿಲ್ಲ.

ಮೂರನೆಯ ಮನೆಯಲ್ಲಿರುವ ನಿವೃತ್ತ ಮೇಷ್ಟರು ಗ್ರೂಪಿನಿಂದ ಏನೂ ಆಗುವುದಿಲ್ಲ ಎಂದು ಊರಿನ ಪತ್ರಿಕೆಯೊಂದಕ್ಕೆ ಬರೆದರು. ಪತ್ರಿಕೆಯವರು ಒಳ್ಳೆಯ ಜಾಗದಲ್ಲೇ ಹಾಕಿದರು. ಕಟ್ಟೆಯ ಫೋಟೋ, ಅದರ ಕೆಳಗೆ ನಮ್ಮ ಬಡಾವಣೆಯ ಹೆಸರು, ಅಡ್ಡರಸ್ತೆಯ ಗುರುತು, ಅರಳಿಮರದ ಬುಡದಲ್ಲಿ ಜನ ಹಳೆಯ ದೇವರ ಪಟಗಳನ್ನು ತಂದಿಡುತ್ತಿರುವ ಬಗ್ಗೆ ನಿವಾಸಿಗಳ ಬೇಸರ. ಮೇಷ್ಟರು ಆ ಪುಟವನ್ನು ಮಡಚಿ ಹಿಡಿದು ಮನೆಮನೆಗೆ ತೋರಿಸಿದರು.

ಎರಡು ದಿನಕ್ಕೆ ಒಬ್ಬ ಹೆಂಗಸು ಆಟೋದಲ್ಲಿ ಬಂದು ಇಳಿದಳು. ಕಂಕುಳಲ್ಲಿ ಹಳೇ ಟವೆಲ್ಲು ಸುತ್ತಿದ ದೊಡ್ಡ ಪಟ. ಮೇಷ್ಟರ ಗೇಟಿನ ಮುಂದೆಯೇ ನಿಂತು ವಿಚಾರಿಸಿದಳು.

"ಸಾರ್, ದೇವ್ರ ಫೋಟೋ ಬಿಡೋ ಮರ ಇದೇನಾ? ಪೇಪರ್ನಾಗೆ ನೋಡುದ್ವಿ."

"ಪೇಪರಲ್ಲಿ ಬಿಡಬೇಡಿ ಅಂತ ಹಾಕಿದ್ದು ಕಣಮ್ಮ!"

"ಹೌದಾ? ಫೋಟೋ ನೋಡ್ದೆ ಸಾರ್, ಓದ್ಲಿಲ್ಲ. ಎಲ್ರೂ ಇಟ್ಟವ್ರಲ್ಲ, ಇದೊಂದು ಇರ್ಲಿ ಬುಡಿ."

ಆಮೇಲೆ ಊರಿನ ಆ ತುದಿಯಿಂದಲೂ ಬರತೊಡಗಿದರು. ಯಾರ ಮನೆಯಲ್ಲೂ ಬಿಸಾಡುವ ಮನಸ್ಸಿರಲಿಲ್ಲ, ಇಟ್ಟುಕೊಳ್ಳುವ ಜಾಗವಿರಲಿಲ್ಲ. ಈಗ ಅವರಿಗೆಲ್ಲ ಒಂದು ವಿಳಾಸ ಸಿಕ್ಕಿತ್ತು. ಮೇಷ್ಟರು ಸ್ವಂತ ಖರ್ಚಿನಲ್ಲಿ ಬೋರ್ಡು ಬರೆಸಿ ನಿಲ್ಲಿಸಿದರು: ಇಲ್ಲಿ ದೇವರ ಪಟಗಳನ್ನು ಇಡಬಾರದು. ಪಟಗಳನ್ನು ಒರಗಿಸಲು ಅದು ಅನುಕೂಲವಾಯಿತು.

ನಮ್ಮ ಮನೆಯವರು ಕುಣಿಗಲ್ಲಿನ ಒಂದು ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ನಮ್ಮ ಮನೆಯ ಹವಾಮಾನ ವರದಿ ಅವರೇ. ಒಂದು ಸಂಜೆ ಒದ್ದೆ ಛತ್ರಿ ಹಿಡಿದು ಬಂದರು.

"ಕುಣಿಗಲ್ ಕಡೆ ಮಳೆ ಹಿಡ್ಕೊಂಡೈತೆ ಕಣೇ. ಮಾರ್ಕೋನಹಳ್ಳಿ ಡ್ಯಾಮ್ ಕಡೆಯೋರು ಗದ್ದೆ ಮಾತೇ ಆಡ್ತವ್ರೆ. ನಾಳೆ ನಾಳಿದ್ದು ಇಲ್ಲಿಗೂ ಬರುತ್ತೆ."

ಹೊರಗೆ ಬಂದು ನೋಡಿದೆ. ಹೊಲಿಗೆಯವಳು ಬಟ್ಟೆಯ ಗಂಟುಗಳನ್ನೆಲ್ಲ ಮಂಚದ ಮೇಲೆ ಪೇರಿಸುತ್ತಿದ್ದಳು. ಮಗಳು ಪುಸ್ತಕಗಳನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಮಳೆಗೆ ಎತ್ತಿಡುತ್ತಿದ್ದಾರೋ ಊರು ಬಿಡಲು ಕಟ್ಟುತ್ತಿದ್ದಾರೋ, ಕೇಳಲು ಹೋಗಲಿಲ್ಲ.

ದೀಪ ಹಚ್ಚುವಾಗ ಅಮ್ಮನ ನೆನಪು ಬಂತು. ನನ್ನ ತವರು ಗುಬ್ಬಿ ತಾಲ್ಲೂಕು, ಕಡಬದ ಹತ್ತಿರ. ನಮ್ಮ ಮನೆಯಲ್ಲಿ ಕಟ್ಟು ಹಾಕಿದ ಪಟವೇ ಇರಲಿಲ್ಲ. ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ವರ್ಷ ಮುಗಿದ ಮೇಲೆ ತಾರೀಖಿನ ಭಾಗ ಕತ್ತರಿಸಿ, ದೇವರನ್ನು ಗಂಜಿಯಿಂದ ಗೋಡೆಗೆ ಅಂಟಿಸುತ್ತಿದ್ದಳು. ಬಣ್ಣ ಮಾಸಿದಾಗ, ಹಬ್ಬಕ್ಕೆ ಸುಣ್ಣ ಬಳಿಯುವ ದಿನ, ಒಮ್ಮೆ ಕೈಮುಗಿದು ಅದರ ಮೇಲೇ ಸುಣ್ಣ ಬಳಿದು, ಒಣಗಿದ ಮೇಲೆ ಹೊಸ ದೇವರನ್ನು ಅಂಟಿಸುವುದು. ಆ ಗೋಡೆಯೊಳಗೆ ಎಷ್ಟು ದೇವರಿದ್ದರೋ. ಪಾಪ ಬರುತ್ತೇನಮ್ಮ ಅಂತ ಒಮ್ಮೆ ಕೇಳಿದ್ದಕ್ಕೆ, "ಗೋಡೆಗೆ ಹೋದ್ರು ಬುಡು, ಮನೇಲೇ ಅವ್ರೆ" ಅಂದಿದ್ದಳು.

ಗಾಜು, ಮೊಳೆ, ಮರದ ಕಟ್ಟು ಇದ್ದದ್ದರಿಂದಲೇ ನಮ್ಮ ಪಟಗಳು ಎಲ್ಲಿಗೂ ಹೋಗಲಾರದೆ ಕೂತಿವೆ ಎಂದು ಆವತ್ತು ಹೊಳೆಯಿತು. ಒಳಗಿರುವುದು ಕಾಗದ. ಕಾಗದಕ್ಕೆ ನೀರಿದೆ, ಮಣ್ಣಿದೆ.

ಆದರೂ ಒಬ್ಬಳೇ ತೀರ್ಮಾನಿಸಲು ಧೈರ್ಯ ಬರಲಿಲ್ಲ. ಬೆಳಗಾಗುತ್ತಲೇ ನಮ್ಮ ಬಡಾವಣೆಯ ಈಶ್ವರನ ಗುಡಿಯ ಅಯ್ಯನವರನ್ನು ಕೇಳಿದೆ. ಕೈಮುಗಿದು, ಕಟ್ಟು ಬಿಚ್ಚಿ, ಕಾಗದ ನೆನೆಸಿ, ಮರದ ಬುಡಕ್ಕೆ ಹಾಕಬಹುದೇ? ಅವರು ಆಚೀಚೆ ನೋಡಿದರು.

"ಹಾಕ್ಬೋದು. ಏನೂ ದೋಷ ಇಲ್ಲ. ಆದ್ರೆ ನಾನ್ ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ ಕಣಮ್ಮ."

ಅಷ್ಟು ಸಾಕಾಗಿತ್ತು. ಮನೆಯಿಂದ ಇಕ್ಕಳ, ಸ್ಕ್ರೂಡ್ರೈವರು, ಎರಡು ಬಕೆಟ್ ನೀರು ತೆಗೆದುಕೊಂಡು ಕಟ್ಟೆಗೆ ಹೋದೆ. ಕೈಮುಗಿದು ಮೊದಲು ಆ ಲಕ್ಷ್ಮಿಯನ್ನೇ ತೆಗೆದುಕೊಂಡೆ. ಒಂದೊಂದೇ ಮೊಳೆ ಕಿತ್ತು, ಕಾಗದವನ್ನು ಬಕೆಟ್ಟಿಗೆ ಬಿಟ್ಟೆ. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದ ಹೊಲಿಗೆಯವಳು ಕತ್ತರಿ ಹಿಡಿದು ಬಂದು ಎದುರಿಗೆ ಕೂತಳು. ಮೇಷ್ಟರ ಹೆಂಡತಿ ಗಾಜಿಗೆಂದು ಗೋಣಿಚೀಲ ತಂದರು.

"ನೀವ್ ಶುರು ಮಾಡ್ಲಿ ಅಂತ್ಲೇ ಕಾಯ್ತಿದ್ದೆ ಕಣ್ರೀ. ಮೊದ್ಲು ನಾನೇ ಮುಟ್ಟಿದ್ರೆ ನಮ್ಮನೆಯೋರು ಅದನ್ನೂ ಪೇಪರ್‌ಗೆ ಹಾಕ್ಸೋರು."

ಅರ್ಧ ಆಗಿತ್ತು. ಒಬ್ಬ ಸ್ಕೂಟರಿನವನು ಬಂದು ನಿಂತ. ನಡುವಯಸ್ಸು, ಇಸ್ತ್ರಿ ಮಾಡಿದ ಶರಟು.

"ಏನ್ರೀ ಇದು, ಹೆಂಗಸ್ರಾಗಿ ದೇವ್ರನ್ನ ಒಡೀತಾ ಕೂತಿದೀರಲ್ರೀ! ಭಯ ಭಕ್ತಿ ಏನಾದ್ರೂ ಐತಾ?"

ಹೊಲಿಗೆಯವಳು ತಲೆ ಎತ್ತದೆ ಹೇಳಿದಳು: "ಒಡೀತಿಲ್ಲ ಸಾರ್, ಬಿಚ್ತಿದೀವಿ. ನಿಮ್ ಕಾಲತ್ರ ಇರೋದೇನು?"

ಸ್ಕೂಟರಿನ ಕಾಲಿಡುವ ಜಾಗದಲ್ಲಿ ನ್ಯೂಸ್ ಪೇಪರ್ ಸುತ್ತಿದ ಚಪ್ಪಟೆ ಪೊಟ್ಟಣ ನಿಂತಿತ್ತು. ಅವನು ಅದನ್ನು ನೋಡಿಕೊಂಡ.

"ಅದು... ನಮ್ಮಮ್ಮ ಪೂಜೆ ಮಾಡ್ತಿದ್ದ ಪಟ. ಹುಳ ಬಿದ್ದಿತ್ತು."

"ತನ್ನಿ ಸಾರ್, ಇಕ್ಕಳ ಖಾಲಿ ಐತೆ. ಕಾಲತ್ರ ಇಟ್ಕಂಡ್ ಬಂದಿದೀರಿ, ಕೈಯಾಗೂ ಒಂದ್ಸಲ ಹಿಡ್ಕಳಿ."

ಮೇಷ್ಟರ ಹೆಂಡತಿ ನಗು ತಡೆಯಲು ಬಕೆಟ್ಟಿನ ಕಡೆ ತಿರುಗಿದರು. ಅವನು ಹೊರಟುಹೋಗುತ್ತಾನೆ ಅಂದುಕೊಂಡೆ. ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು ಬಂದು ಕೂತ. ತಾಯಿಯ ಪಟವನ್ನು ತಾನೇ ಬಿಚ್ಚಿ, ಕಾಗದವನ್ನು ನೀರಿಗೆ ಬಿಡುವ ಮುಂಚೆ ಕಣ್ಣಿಗೊತ್ತಿಕೊಂಡ. ಕುಂಕುಮದ ಬಣ್ಣ ನೀರಲ್ಲಿ ಸ್ವಲ್ಪ ಹೊತ್ತು ಓಡಾಡಿತು. ಖಾಲಿ ಕಟ್ಟನ್ನು ಮಾತ್ರ ಮತ್ತೆ ಪೇಪರಿನಲ್ಲಿ ಸುತ್ತಿ ಮನೆಗೆ ತೆಗೆದುಕೊಂಡು ಹೋದ.

ನೆನೆದು ಮೆತ್ತಗಾದದ್ದನ್ನು ಮರದ ಬುಡ ಕೆದಕಿ ಮಣ್ಣಿಗೆ ಸೇರಿಸಿದೆವು. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಪಟಗಳು ಎಷ್ಟು ನೆನೆಸಿದರೂ ಕರಗಲಿಲ್ಲ. ಅವು ಈಗಲೂ ನಮ್ಮ ಮನೆಯ ಅಟ್ಟದ ಮೇಲೆ ಒಂದು ಚೀಲದಲ್ಲಿವೆ. ಅವುಗಳನ್ನು ಏನು ಮಾಡಬೇಕೋ ನನಗೆ ತಿಳಿಯದು. ಗಾಜು ಮತ್ತು ಮರವನ್ನು ಗುಜರಿಯವನು ಒಯ್ದ. ಚೀಲ ಎತ್ತುವ ಮುಂಚೆ ಒಳಗೆ ಇಣುಕಿ, "ದೇವ್ರು ಯಾವ್ದೂ ಉಳ್ಕಂಡಿಲ್ಲ ತಾನೇ ಅಮ್ಮಾ?" ಎಂದು ಕೇಳಿದ. ಇಲ್ಲ ಅಂದೆ. ಆಗ ಎತ್ತಿದ.

ಮಾರನೆಯ ದಿನ ಸಂಜೆ ಮಳೆ ಬಂತು. ಹೋದ ಸಲಕ್ಕಿಂತ ಜೋರಾಗಿಯೇ ಬಂತು. ನಾನು ಛತ್ರಿ ಹಿಡಿದು ಗೇಟಿನಲ್ಲಿ ನಿಂತೆ. ಹೊಲಿಗೆಯವಳು ಸೀರೆ ಎತ್ತಿಕಟ್ಟಿ, ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಬೆನ್ನ ಹಿಂದೆ ಮಂಚದ ಮೇಲೆ ಮಗಳು, ತೊಡೆಯ ಮೇಲೆ ಬಟ್ಟೆಯ ಗಂಟು. ಚರಂಡಿ ತುಂಬಿ ಕಟ್ಟೆಯ ಕಲ್ಲು ಮುಟ್ಟಿತು. ಅವಳ ಹೊಸ್ತಿಲಿನ ಮುಂದಿನ ಮೆಟ್ಟಿಲು ಮುಳುಗಿತು. ನಾನು ಶಿವನ ಹೆಸರು ಹೇಳುತ್ತಿದ್ದೆ, ಬೇರೇನು ಮಾಡಲೂ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಆಮೇಲೆ ಪೈಪಿನ ಬಾಯಲ್ಲಿ ನೀರು ಸುಳಿ ತಿರುಗಿ ಗೊಳಗೊಳ ಇಳಿಯುವುದು ಕಂಡಿತು. ಮೆಟ್ಟಿಲು ಮೆಲ್ಲಗೆ ಮೇಲೆ ಬಂತು.

"ಅಕ್ಕಾ, ಹೋಯ್ತು! ಒಳೀಕ್ ಬರ್ಲಿಲ್ಲ!" ಅಂದಳು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಸದ್ದು ಶುರುವಾಯಿತು. ಆ ಮಳೆಯಲ್ಲಿ ಕರೆಂಟು ಹೋಗಿರಲಿಲ್ಲ, ಅದನ್ನೂ ದೇವರ ಲೆಕ್ಕಕ್ಕೇ ಬರೆದೆ.

ಮಗಳ ಪುಸ್ತಕಗಳು ಡಬ್ಬದಿಂದ ಆಚೆ ಬಂದವು. ಕುಣಿಗಲ್ಲಿನ ಮಾತು ಹೊಲಿಗೆಯವಳು ಮತ್ತೆ ಎತ್ತಲಿಲ್ಲ.

ಪಟಗಳೇನೋ ಈಗಲೂ ಬರುತ್ತವೆ. ಮೇಷ್ಟರು ಹಳೆಯ ಬೋರ್ಡಿನ ಮೇಲೆ ಬಣ್ಣ ಹೊಡೆಸಿ, ಕಟ್ಟು ಬಿಚ್ಚಿ ಕಾಗದ ಮಾತ್ರ ಮರಕ್ಕೆ ಕೊಡಿ, ಇಕ್ಕಳ ಎದುರು ಮನೆಯಲ್ಲಿ ಸಿಗುತ್ತದೆ ಎಂದು ಬರೆಸಿದ್ದಾರೆ. ಬಿಚ್ಚಿದ ಗಾಜು, ಕಟ್ಟು ಹಾಕಲು ಪಕ್ಕದಲ್ಲೊಂದು ಚೀಲವಿದೆ. ಪಟ ತಂದವರು ಬೋರ್ಡು ಓದಿ ಹೊಲಿಗೆಯವಳ ಬಾಗಿಲಿಗೆ ಹೋಗುತ್ತಾರೆ, ಬಟ್ಟೆ ಹೊಲಿಸುವವರೂ ಅಲ್ಲಿಗೇ. ಅವಳು ಮಿಷನ್ ನಿಲ್ಲಿಸದೆ ಕೇಳುವುದು ನಮ್ಮ ಮನೆಯವರೆಗೂ ಕೇಳಿಸುತ್ತದೆ.

"ಬ್ಲೌಸ್ ಕೊಡಾಕ್ ಬಂದ್ರಾ, ದೇವ್ರನ್ ಬಿಚ್ಚಾಕ್ ಬಂದ್ರಾ? ದೇವ್ರಾದ್ರೆ ಇಕ್ಕಳ ಬಾಗ್ಲ ಅಗಳಿ ಪಕ್ಕ ನೇತಾಕಿದೀನಿ, ತಕಳಿ."